ಕೆಡಿಸಿಟ್ಟ ಸಾಲುಗಳು

ನಮ್ಮಕ್ಕನಿಗೆ ಕೋಪ ಬಂದರೆ ಮಾತು ನಿಂತುಹೋಗುತ್ತದೆ, ನನಗೆ ಕೋಪ ಬಂದರೆ ಮಾತು ನಿಲ್ಲುವುದೇ ಇಲ್ಲ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನು. ಅಂಥ ಅಕ್ಕ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷದ ಮೇಲಾಗಿತ್ತು. ಅಷ್ಟು ಕಾಲವೂ ನಾನು ಅವಳ ಜೊತೆ ಹೇಗೆ ಮಾತಾಡಿಕೊಂಡಿದ್ದೆ ಅಂತ ಹೇಳಿದರೆ ನಿಮಗೆ ನಗು ಬರಬಹುದು. ಬರಲಿ. ನಕ್ಕು ಮುಗಿಸಿ ಮುಂದೆ ಓದಿ.

ನಮ್ಮದು ಸಿನಿಮಾ ಕೆಳಗೆ ಮಾತು ಬರೆಯುವ ಕೆಲಸ. ತೆರೆಯ ಮೇಲೆ ಯಾರೋ ಅಳುತ್ತಾ, ಬೈಯುತ್ತಾ, ಗುಟ್ಟು ಹೇಳುತ್ತಾ ಇರುತ್ತಾರಲ್ಲ, ಅದನ್ನು ಕಿವಿ ಕೇಳದವರೂ ಓದಿ ತಿಳಿಯುವ ಹಾಗೆ ಎರಡೆರಡು ಸಾಲಿನಲ್ಲಿ ಕೂರಿಸುವುದು. ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಕಿಟಕಿಗೆಲ್ಲ ದಪ್ಪ ಪರದೆ, ಎಲ್ಲರ ಕಿವಿಗೂ ಹೆಡ್‌ಫೋನು. ಹೊರಗಿನವರು ಬಂದು ನೋಡಿದರೆ ಒಬ್ಬರಿಗೊಬ್ಬರು ಮುನಿಸಿಕೊಂಡವರ ಮನೆ ಅನ್ನಬೇಕು, ಹಾಗೆ ಕೂತಿರುತ್ತೇವೆ. ಬರೆಯುವುದು ಬರೀ ಅಕ್ಷರ ತೋರಿಸುವ, ಬಣ್ಣ ಬೆಡಗು ಏನೂ ಇಲ್ಲದ ಒಂದು ಹಳೇ ಎಡಿಟರ್‌ನಲ್ಲಿ. ಪ್ರತಿ ಮಾತಿನ ತಲೆಯ ಮೇಲೆ ಅದು ಯಾವಾಗ ಕಾಣಿಸಿಕೊಳ್ಳಬೇಕು, ಯಾವಾಗ ಮಾಯವಾಗಬೇಕು ಅನ್ನುವ ಸಮಯ. ಅದರ ಕೆಳಗೆ ಮಾತು. ಅಷ್ಟೇ.

ಈ ಕೆಲಸಕ್ಕೆ ಮೊದಲು ಸೇರಿದ್ದು ಅಕ್ಕ. ಆಮೇಲೆ ನನ್ನನ್ನು ಕರೆದುಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದೂ ಅವಳೇ. ಹೊಸದರಲ್ಲಿ ನಾನು ಎಲ್ಲವನ್ನೂ ಕೈಯಲ್ಲೇ ಮಾಡುತ್ತಿದ್ದೆ. ಮಾತು ಅರ್ಧ ಸೆಕೆಂಡು ತಡವಾಗಿ ಬೀಳುತ್ತಿದೆ ಅಂದರೆ ಒಂದೊಂದೇ ಸಮಯ ಅಳಿಸಿ, ಬೆರಳು ಮಡಚಿ ಕಳೆದು, ಮತ್ತೆ ಬರೆಯುತ್ತಾ ಕೂರುವುದು. ಅಕ್ಕ ನೋಡಿದಳು, ನೋಡಿದಳು, ಕೊನೆಗೆ ತಲೆ ಚಚ್ಚಿಕೊಂಡಳು.

"ಏನೇ ಇದು, ಕಸೂತಿ ಹಾಕೋರ ಹಾಗೆ ಕೂತಿದ್ದೀಯಲ್ಲ. ಜರುಗು ಆ ಕಡೆ."

ಜರುಗಿದೆ. ಅವಳು ನನ್ನ ಕೀಬೋರ್ಡ್ ಎಳೆದುಕೊಂಡು ಟಕಟಕ ಅಂತ ಏನೇನೋ ಬರೆದಳು. "ಈಗ ಈ ಸಾಲುಗಳನ್ನ ಆರಿಸು. ಆರಿಸಿದೆಯಾ? ಈ ಕೀ ಒತ್ತು."

ಒತ್ತಿದೆ. ರೆಪ್ಪೆ ಬಡಿಯುವುದರೊಳಗೆ ಆರಿಸಿದ್ದ ಸಾಲುಗಳ ಸಮಯವೆಲ್ಲ ಅರ್ಧ ಸೆಕೆಂಡು ಹಿಂದಕ್ಕೆ ಸರಿದು ತಣ್ಣಗೆ ಕೂತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಎಡಿಟರ್‌ಗೆ ಲೆಕ್ಕ ಬರಲ್ಲ ಕಣೇ. ಲೆಕ್ಕ ಬರೋರು ಹೊರಗಡೆ ಇರ್ತಾರೆ, ಕಂಪ್ಯೂಟರ್‌ಗೆ ನೇರವಾಗಿ ಅಪ್ಪಣೆ ಕೊಡೋ ಶೆಲ್‌ನಲ್ಲಿ. ನೀನು ಕೀ ಒತ್ತಿದ ತಕ್ಷಣ ನಿನ್ನ ಸಾಲುಗಳು ಹೊರಗೆ ಹೋಗ್ತವೆ, ಅಲ್ಲಿ ನಾನು ಬರೆದಿಟ್ಟ ಕಮಾಂಡು ಅವನ್ನ ಸರಿ ಮಾಡಿ ವಾಪಸ್ ಕಳಿಸುತ್ತೆ, ಅದೇ ಜಾಗದಲ್ಲಿ ಬಂದು ಕೂರ್ತವೆ. ಅಡುಗೆಮನೆ ಕಿಟಕಿ ಇದ್ದ ಹಾಗೆ ಅಂದ್ಕೋ. ನೀನು ಖಾಲಿ ತಟ್ಟೆ ಕೊಡ್ತೀಯ, ತುಂಬಿದ ತಟ್ಟೆ ಬರುತ್ತೆ."

"ಒಳಗೆ ಯಾರಿರ್ತಾರೆ?"

"ಇನ್ಯಾರು, ನಾನೇ. ನಿನಗೆ ಬಡಿಸೋಕೆ ಬೇರೆ ಯಾರು ಸಿಗ್ತಾರೆ?"

ಆಮೇಲೆ ಒಂದಾದ ಮೇಲೊಂದು ಕೀ ಬಂದವು. ಉದ್ದ ಸಾಲನ್ನು ಎರಡು ಮಾಡುವುದಕ್ಕೊಂದು. ಎರಡು ಮಾತು ಒಂದರ ಮೇಲೊಂದು ಬಿದ್ದರೆ ಬಿಡಿಸುವುದಕ್ಕೊಂದು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ತಪ್ಪು ಹುಡುಕುವ ಕೀ. ಅದನ್ನು ಒತ್ತಿದರೆ ಕೆಳಗೆ ಅಕ್ಕನ ಬೈಗುಳ ಬರುತ್ತಿತ್ತು. "ಇಷ್ಟುದ್ದ ಯಾರೇ ಓದ್ತಾರೆ? ಕತ್ತರಿಸು." "ಇಷ್ಟು ಬೇಗ ಮಾಯವಾದರೆ ಓದೋರಿಗೆ ನಾಲ್ಕು ಕಣ್ಣು ಬೇಕು." ಎಲ್ಲ ಸರಿಯಿದ್ದರೆ, "ಪರವಾಗಿಲ್ಲ. ಎದ್ದು ನೀರು ಕುಡಿದು ಬಾ." ಇದನ್ನೆಲ್ಲ ಅವಳು ನನಗೋಸ್ಕರ ಬೇರೆ ಮಾಡಿ, ಕೆಳಮಹಡಿಯ ಸರ್ವರ್‌ನಲ್ಲಿ 'ತಂಗಿ' ಅನ್ನುವ ಹೆಸರಿನ ಫೋಲ್ಡರ್‌ನಲ್ಲಿ ಇಟ್ಟಿದ್ದಳು. ಬೇರೆಯವರಿಗೆ ಈ ಬೈಗುಳದ ಭಾಗ್ಯ ಇರಲಿಲ್ಲ.

ಒಂದು ಸಲ ನಾನು ಸಾಲು ಆರಿಸುವುದನ್ನು ಮರೆತು ಕೀ ಒತ್ತಿಬಿಟ್ಟೆ. ಆರಿಸದಿದ್ದರೆ ಇಡೀ ಫೈಲೇ ಹೊರಗೆ ಹೋಗಿಬರುತ್ತದೆ, ಅದು ನನಗೆ ಹೊಳೆಯಲಿಲ್ಲ. ಸಾಲದ್ದಕ್ಕೆ, ಸರಿಯಲಿಲ್ಲವೇನೋ ಅಂತ ಮೇಲಿಂದ ಮೇಲೆ ಒತ್ತಿದೆ. ಇಡೀ ಸಿನಿಮಾ ಜರುಗಿಹೋಯಿತು. ಹೆಂಡತಿ ಗಂಡನಿಗೆ ಬೈಯುವ ಮಾತೆಲ್ಲ ಅವರ ಮನೆ ನಾಯಿಯ ಮುಖದ ಕೆಳಗೆ ಬಂತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಸರಿ ಮಾಡಿಕೊಟ್ಟಳು. ಮಾರನೇ ದಿನ ಆರಿಸದೆ ಕೀ ಒತ್ತಿ ನೋಡಿದೆ. "ಮೊದಲು ಆರಿಸು. ನಾಯಿ ಕಾಯ್ತಾ ಇದೆ" ಅಂತ ಬಂತು.

ಹೀಗಿದ್ದವರು ನಾವು.

ಜಗಳ ಆಗಿದ್ದು ಮೆಟ್ಟಿಲ ಮೇಲೆ ಕೇಳಿದ ಒಂದು ಮಾತಿಂದ. ಟೀ ತರುವ ಹೆಂಗಸು ನನ್ನ ಕೈಗೆ ಲೋಟ ಕೊಡುತ್ತಾ, "ನಿಮ್ಮಕ್ಕ ಊರು ಬಿಡ್ತಿದ್ದಾರಂತಲ್ಲ, ಪಾಪ, ನಿಮಗೆ ಒಬ್ಬರಿಗೇ ಬೇಜಾರು" ಅಂದಳು. ಭಾವನಿಗೆ ಬೇರೆ ಊರಿಗೆ ವರ್ಗ ಆಗಿತ್ತಂತೆ. ಅಕ್ಕ ಅಲ್ಲಿಂದಲೇ ಕೆಲಸ ಮಾಡುವುದು ಅಂತ ಆಫೀಸಿನ ಯಜಮಾನರ ಹತ್ತಿರ ಮಾತಾಗಿತ್ತಂತೆ. ಯಜಮಾನರಿಗೆ ಗೊತ್ತು, ಟೀಯವಳಿಗೆ ಗೊತ್ತು, ಪಕ್ಕದ ಕುರ್ಚಿಯಲ್ಲಿ ಕೂತ ಒಡಹುಟ್ಟಿದವಳಿಗೆ ಮಾತ್ರ ಗೊತ್ತಿಲ್ಲ! ನಾನು ಸುಮ್ಮನಿರುತ್ತೇನೆಯೇ? ಎಲ್ಲರ ಹೆಡ್‌ಫೋನು ಕಳಚುವ ಹಾಗೆ ಕೂಗಾಡಿದೆ.

"ಹೇಳೋಕೆ ಬಾಯಿ ಬರಲಿಲ್ಲ ಕಣೇ" ಅಂದಳು.

"ಬರೋದೂ ಬೇಡ. ಹೋಗು. ನೀನಿಲ್ಲ ಅಂತ ನನ್ನ ಕೆಲಸವೇನೂ ನಿಂತು ಹೋಗಲ್ಲ."

ಅಕ್ಕನ ಬಾಯಿ ಅಲ್ಲಿಗೆ ಮುಚ್ಚಿತು. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತಳು. ನಾನು ಹೆಡ್‌ಫೋನು ತೆಗೆಯಲಿಲ್ಲ. ತಪ್ಪು ಯಾರದ್ದು ಅಂತ ಕೇಳಿದರೆ ಈಗಲೂ ಅವಳದ್ದೇ ಅನ್ನುತ್ತೇನೆ. ಮೊದಲು ನನಗೆ ಹೇಳಬೇಕಿತ್ತು, ಮುಗೀತು.

ಆದರೆ ಕುರ್ಚಿ ಖಾಲಿ ಆಯಿತಲ್ಲ. ಅದಕ್ಕೇನು ಮಾಡುವುದು? ಅದರ ಮೇಲೆ ಯಾರೋ ಕೊಡೆ ಇಟ್ಟರು, ಇನ್ಯಾರೋ ಚೀಲ ಇಟ್ಟರು. ನಾನು ಎರಡನ್ನೂ ತೆಗೆದು ನೆಲಕ್ಕೆ ಹಾಕಿದೆ. ಜಗಳಗಂಟಿ ಅಂದರು. ಅನ್ನಲಿ. ಫೋನು ಕೈಗೆತ್ತಿಕೊಳ್ಳುವುದು, ಅವಳ ಹೆಸರಿನವರೆಗೂ ಹೋಗುವುದು, 'ಅವಳೇ ಮಾಡಲಿ' ಅಂತ ಕೆಳಗಿಡುವುದು, ಇದೇ ಆಯಿತು. ಅವಳೂ ಆ ಕಡೆ ಹಾಗೇ ಕೂತಿರುತ್ತಾಳೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದರೆ ಏನು ಬಂತು, ಬೆರಳು ಒತ್ತಬೇಕಲ್ಲ.

ಹೀಗಿರುವಾಗ ಒಂದು ದಿನ ಸಮಯ ಸರಿಸುವ ಕೀ ತಾನಾಗಿಯೇ ಕೆಟ್ಟಿತು. ಕೆಳಗೆ ಯಂತ್ರ ಬದಲಾಯಿಸಿದ್ದರು, ಅದಕ್ಕೆ ಹೊಂದಲಿಲ್ಲವೇನೋ. ಕಮಾಂಡಿನ ಫೈಲು ತೆಗೆದು ನೋಡಿದೆ, ಒಂದಕ್ಷರ ಅರ್ಥವಾಗಲಿಲ್ಲ. ಸಾಲಿನ ಮೊದಲಲ್ಲಿ ಒಂದು ಗುರುತು ಹಾಕಿ ಏನು ಬರೆದರೂ ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ಮನುಷ್ಯರು ಮನುಷ್ಯರಿಗೆ ಬರೆದುಕೊಳ್ಳುವ ಜಾಗ. ಅಲ್ಲಿ ಸಿಟ್ಟಿಗೆ, "ಇದು ಯಾಕೋ ಓಡ್ತಿಲ್ಲ. ಕರ್ಮ" ಅಂತ ಬರೆದು ಮುಚ್ಚಿ ಮನೆಗೆ ಹೋದೆ.

ಬೆಳಿಗ್ಗೆ ಬಂದು ಕೀ ಒತ್ತಿದರೆ ಓಡಿತು! ಫೈಲು ತೆಗೆದು ನೋಡಿದೆ. ನನ್ನ ಸಾಲು ಅಳಿಸಿತ್ತು, ಕಮಾಂಡು ಸರಿಯಾಗಿತ್ತು. ಉತ್ತರ ಅಂತ ಒಂದಕ್ಷರ ಇಲ್ಲ. ಅಕ್ಕನೇ, ಸಂಶಯವೇ ಬೇಡ, ಮುನಿಸಿಕೊಂಡೂ ಕೆಲಸ ಮಾಡಿಕೊಡುವ ಬುದ್ಧಿ ಇನ್ಯಾರಿಗಿದೆ? ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದೆ.

ಆಮೇಲಿನದ್ದನ್ನು ನೀವೇ ಊಹಿಸಬಹುದು. ಹೌದು, ಬೇಕಂತಲೇ ಕೆಡಿಸತೊಡಗಿದೆ. ಕಳೆಯುವ ಗುರುತು ಇದ್ದ ಕಡೆ ಕೂಡುವ ಗುರುತು ಹಾಕುವುದು. ಕೊನೆಯ ಆವರಣ ಚಿಹ್ನೆ ತೆಗೆದುಬಿಡುವುದು. ಉದ್ಧರಣ ಚಿಹ್ನೆಯನ್ನು ಒಂದೇ ಕಡೆ ಉಳಿಸುವುದು. ಸಂಜೆ ಕೆಡಿಸಿಟ್ಟು ಹೋದರೆ ಬೆಳಿಗ್ಗೆ ಸರಿಯಾಗಿರುತ್ತಿತ್ತು. ಬಸ್ಸಿನಲ್ಲಿ ಬರುವಾಗಲೇ ನನಗೆ ಆತುರ. ಕೋಟು ತೆಗೆಯುವ ಮೊದಲು ಕೀ ಒತ್ತಿ ನೋಡುತ್ತಿದ್ದೆ. ಬೇಗ ಸರಿಯಾಗಿದ್ದರೆ, ಇವತ್ತು ಅಕ್ಕನಿಗೆ ನನ್ನ ನೆನಪು ಜಾಸ್ತಿ. ಮಧ್ಯಾಹ್ನದವರೆಗೂ ಆಗದಿದ್ದರೆ, ಮೈಗೆ ಹುಷಾರಿಲ್ಲವೇನೋ, ಭಾವನ ಜೊತೆ ಏನಾದರೂ ಆಯಿತೇನೋ. ಒಂದು ಸಲ ಸರಿ ಮಾಡುವುದರ ಜೊತೆಗೆ ಆ ಕಮಾಂಡು ಮೊದಲಿಗಿಂತ ಚುರುಕಾಗಿತ್ತು. ಅವತ್ತಿಡೀ ನಾನು ಯಾರಿಗೂ ಬೈಯಲಿಲ್ಲ. ಪಕ್ಕದವರು ಜ್ವರ ಬಂದಿದೆಯಾ ಅಂತ ಕೇಳಿದರು.

ಕಾಲ ಕಳೆದ ಹಾಗೆ ಇದೂ ಸಾಲದಾಯಿತು. ಇಷ್ಟು ಸಿಕ್ಕಿದರೆ ಸಾಕು ಅಂದುಕೊಂಡವಳಿಗೆ ಒಂದು ಮಾತು ಬೇಕು ಅನ್ನಿಸತೊಡಗಿತು. ದಿನವಿಡೀ ಪರರ ಮಾತು ಬರೆಯುವವಳು ನಾನು. ತೆರೆಯ ಮೇಲೆ ಎಷ್ಟು ಜನ ಅಕ್ಕತಂಗಿಯರು ತಬ್ಬಿಕೊಂಡು ಅತ್ತಿದ್ದನ್ನು ಎರಡೆರಡು ಸಾಲಿಗೆ ಕತ್ತರಿಸಿ ಕೂರಿಸಿದ್ದೇನೆ. ನನ್ನ ಅಕ್ಕ ಮಾತ್ರ ಸರಿ ಮಾಡುತ್ತಾಳೆ, ಹೋಗುತ್ತಾಳೆ. ಕಲ್ಲೇನೇ ನೀನು ಅಂತ ಒಂದು ಸಂಜೆ ತಡೆಯಲಾರದೆ, ತಪ್ಪು ಹುಡುಕುವ ಕಮಾಂಡನ್ನು ಪೂರ್ತಿ ಅಳಿಸಿಹಾಕಿದೆ. ಬೈಗುಳ, ನೀರು ಕುಡಿದು ಬಾ, ಎಲ್ಲ. ಖಾಲಿ ಫೈಲಿನಲ್ಲಿ ಒಂದೇ ಸಾಲು ಬರೆದೆ: "ಅಕ್ಕ, ಇದು ನೀನೇ ತಾನೇ? ಏನಾದರೂ ಹೇಳು."

ಮಾರನೇ ಬೆಳಿಗ್ಗೆ ಫೈಲು ಹಾಗೇ ಇತ್ತು. ಮಧ್ಯಾಹ್ನವೂ ಹಾಗೇ. ಇನ್ನೊಂದು ಬೆಳಗಾದರೂ ಹಾಗೇ. ನನಗೆ ಊಟ ಸೇರಲಿಲ್ಲ. ಕೇಳಬಾರದಿತ್ತು, ಕೇಳಿ ಇದ್ದದ್ದನ್ನೂ ಕಳೆದುಕೊಂಡೆ ಅಂತ ಕೈಕೈ ಹಿಸುಕಿಕೊಂಡೆ.

ಆ ಮಧ್ಯಾಹ್ನ ಕೆಳಮಹಡಿಯ ಗಡ್ಡದಣ್ಣ ಮೆಟ್ಟಿಲು ಹತ್ತಿ ಮೇಲೆ ಬಂದರು. ಸರ್ವರ್ ನೋಡಿಕೊಳ್ಳುವವರು ಅವರೇ. ಎದೆಯವರೆಗೂ ಗಡ್ಡ, ಮಾತು ಕಮ್ಮಿ, ಮೇಲೆ ಬರುವುದು ಏನಾದರೂ ಸುಟ್ಟಾಗ ಮಾತ್ರ. ನನ್ನ ಪಕ್ಕದ ಕುರ್ಚಿ ಎಳೆದು ಕೂತರು. ಅಕ್ಕನ ಕುರ್ಚಿ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಅಮ್ಮಾ, ಆ ತಂಗಿ ಫೋಲ್ಡರು..." ಅಂದರು. ಗಡ್ಡ ಕೆರೆದುಕೊಂಡರು. "ಎರಡು ದಿನದಿಂದ ಯೋಚನೆ ಮಾಡ್ತಿದ್ದೀನಿ. ನೀವು ಕೇಳಿದ್ದಕ್ಕೆ ನಾನು ಹೇಗೆ ಉತ್ತರ ಬರೀಲಿ?"

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ನೀವಾ?"

"ನಾನೇ. ಮೊದಲ ಒಂದೆರಡು ಸಲ ನಿಮ್ಮಕ್ಕನೇ ಮಾಡಿರಬೇಕು. ಆಮೇಲೆ ಅವರು ಇಲ್ಲಿನ ಕೆಲಸ ಬಿಟ್ಟರು, ನಿಮಗೆ ಗೊತ್ತಿಲ್ಲ ಅನ್ನಿಸುತ್ತೆ, ಆ ಊರಲ್ಲೇ ಬೇರೆ ಕಡೆ ಸೇರಿದರು. ಬಿಟ್ಟ ಮೇಲೆ ಸರ್ವರ್‌ಗೆ ಬರೋ ಹಾಗಿಲ್ಲ. ಬಿಡೋ ದಿನ ನನಗೆ ಫೋನ್ ಮಾಡಿ ಹೇಳಿದರು. ನನ್ನ ತಂಗಿ ಕಮಾಂಡು ಕೆಟ್ಟರೆ ನೋಡ್ಕೊಳ್ಳಿ ಅಣ್ಣ, ಅವಳು ಸತ್ತರೂ ಯಾರನ್ನೂ ಕೇಳಲ್ಲ, ನಾನು ಹೇಳಿದೆ ಅಂತ ಗೊತ್ತಾಗೋದು ಬೇಡ, ಅಂತ."

"ಯಾವುದು ಅವಳು ಮಾಡಿದ್ದು? ಯಾವುದು ನೀವು?"

"ಅದೆಲ್ಲ ಈಗ ಹೇಗಮ್ಮಾ ನೆನಪಿರುತ್ತೆ?"

"ಚುರುಕು ಮಾಡಿದ್ರಲ್ಲ, ಒಂದು ಸಲ?"

"ಅದು ನಾನೇ" ಅಂದರು, ಸಂಕೋಚದಿಂದ. "ತುಂಬಾ ನಿಧಾನ ಇತ್ತು."

ಅಯ್ಯೋ ದೇವರೇ! ಕಿಟಕಿಯಾಚೆ ಅಕ್ಕ ಇದ್ದಾಳೆ ಅಂತ ನಾನು ತಟ್ಟೆ ಕೊಟ್ಟಿದ್ದೇ ಕೊಟ್ಟಿದ್ದು. ಅಲ್ಲಿ ಕೂತು ಬಡಿಸುತ್ತಿದ್ದದ್ದು ಈ ಗಡ್ಡದಣ್ಣ! ನಗಬೇಕೋ ಅಳಬೇಕೋ ಗೊತ್ತಾಗದೆ ಅವರ ಮುಖ ನೋಡಿದೆ. ನಾನು ಬಸ್ಸಿನಲ್ಲಿ ಮನಸ್ಸಿನಲ್ಲೇ ಆಡಿಕೊಂಡ ಮಾತುಗಳೆಲ್ಲ ಈ ಮನುಷ್ಯನಿಗೆ ಸಲ್ಲುತ್ತಿದ್ದವು. ಪಾಪ, ಅವರಿಗೆ ಬೇರೆ ಕೆಲಸ ಇರಲಿಲ್ಲವೇ.

"ಇನ್ನೊಂದು ಹೇಳಬೇಕು" ಅಂದರು. "ನಿಮ್ಮಕ್ಕ ಆಗಾಗ ಫೋನ್ ಮಾಡಿ ಕೇಳ್ತಿದ್ದರು, ಈ ವಾರ ಏನಾದರೂ ಕೆಟ್ಟಿದೆಯಾ ಅಂತ. ಕೆಟ್ಟಿದೆ, ಇಂಥ ಸಾಲಲ್ಲಿ ಆವರಣ ಇರಲಿಲ್ಲ, ಅಂದರೆ ನಗೋರು. ತುಂಬಾ ಹೊತ್ತು ನಗೋರು. ನನಗೆ ಅದು ಸರಿ ಕಾಣಲಿಲ್ಲ ಅಮ್ಮಾ. ದಿನಾ ಇಲ್ಲಿ ಕೆಲಸ ಮಾಡೋರು ನೀವು, ನಿಮಗೇನೂ ಬರಲ್ಲ ಅಂತ ಅವರು ಆಡಿಕೊಂಡು ನಗೋದಾ ಅಂತ. ಅದಕ್ಕೇ ಒಂದು ಸಲ ಹೇಳಿಬಿಟ್ಟೆ. ನಿಮ್ಮ ತಂಗಿ ಈಗ ಎಲ್ಲ ಕಲಿತುಬಿಟ್ಟಿದ್ದಾರೆ, ಏನೂ ಕೆಡಲ್ಲ, ಕೆಟ್ಟರೂ ಅವರೇ ಸರಿ ಮಾಡ್ಕೋತಾರೆ, ಅಂತ. ನಿಮ್ಮ ಮರ್ಯಾದೆ ಉಳೀಲಿ ಅಂತ ಹೇಳಿದ್ದು."

"ಅದಕ್ಕೆ ಏನಂದಳು?"

"ಒಳ್ಳೇದಾಯ್ತು ಬಿಡಿ ಅಂದರು. ಆಮೇಲೆ ಫೋನ್ ಬಂದಿಲ್ಲ."

"ಯಾವಾಗ ಇದು?"

"ಆಯ್ತು, ಒಂದು ವರ್ಷದ ಹತ್ತಿರ."

ಗಡ್ಡದಣ್ಣನಿಗೆ ಬೈಯಬೇಕು ಅಂತ ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಒಳ್ಳೆಯದು ಮಾಡಲು ಹೋದವರಿಗೆ ಏನಂತ ಬೈಯುವುದು? ಅವಳು ಆಡಿಕೊಂಡು ನಗಲಿಲ್ಲ ಅಣ್ಣ, ಅವಳಿಗೆ ಗೊತ್ತಾಗಿತ್ತು, ನಾನೇ ಕೆಡಿಸುತ್ತಿದ್ದೇನೆ ಅಂತ ಗೊತ್ತಾಗಿಯೇ ನಗುತ್ತಿದ್ದಳು ಅಂತ ಅವರಿಗೆ ಹೇಗೆ ತಿಳಿಸುವುದು? ನಾನು ಕಳಿಸಿದ್ದು ಅಷ್ಟು ದೂರ ಹೋಗಿ ಅವಳನ್ನು ಮುಟ್ಟುತ್ತಿತ್ತು, ನನಗೇ ಗೊತ್ತಿರಲಿಲ್ಲ. ಆಮೇಲೆ ನಿಂತುಹೋಯಿತು, ಅದೂ ಗೊತ್ತಾಗಲಿಲ್ಲ. ನೀನಿಲ್ಲ ಅಂತ ನನ್ನ ಕೆಲಸವೇನೂ ನಿಲ್ಲಲ್ಲ ಅಂದಿದ್ದೆನಲ್ಲ, ಅದು ನಿಜವಾಯಿತು ಅಂತ ಅವಳು ಒಂದು ವರ್ಷದಿಂದ ನಂಬಿಕೊಂಡು ಕೂತಿದ್ದಾಳೆ.

"ಹಳೇ ಪ್ರತಿ ನನ್ನ ಹತ್ತಿರ ಇದೆ, ಅಳಿಸಿದ್ದನ್ನ ವಾಪಸ್ ಹಾಕಿದ್ದೀನಿ" ಅಂತ ಹೇಳಿ ಗಡ್ಡದಣ್ಣ ಎದ್ದರು. ಹೋಗುವಾಗ ನನ್ನ ಮೇಜಿನ ಮೇಲೆ ಅವರ ಕರವಸ್ತ್ರ ಇಟ್ಟು ಹೋದರು. ಆಗಲೇ ಗೊತ್ತಾಗಿದ್ದು ನನ್ನ ಮುಖವೆಲ್ಲ ಒದ್ದೆಯಾಗಿದೆ ಅಂತ.

ಈ ಸಲ ಫೋನು ಕೆಳಗಿಡಲಿಲ್ಲ. ಸುತ್ತ ಎಲ್ಲರೂ ಹೆಡ್‌ಫೋನು ಹಾಕಿಕೊಂಡು ಬೇರೆಯವರ ಅಳು ಕೇಳುತ್ತಾ ಕೂತಿದ್ದರು, ನನ್ನದು ಯಾರಿಗೂ ಕೇಳುವ ಹಾಗಿರಲಿಲ್ಲ.

"ಹಲೋ" ಅಂದಳು.

ಅದೇ ದನಿ. ಸ್ವಲ್ಪ ಒರಟಾಗಿತ್ತು, ಅಷ್ಟೇ. ಬಾಯಿಬಡುಕಿ ಅಂತ ಹೆಸರಾದ ನನಗೆ ಒಂದು ಮಾತು ಹೊರಡಲಿಲ್ಲ.

"ಮಾತಾಡೇ" ಅಂದಳು. ನನ್ನ ನಂಬರು ಅವಳು ಅಳಿಸಿರಲಿಲ್ಲ.

"ಆ ಗಡ್ಡದಣ್ಣ ನಿನಗೆ ಸುಳ್ಳು ಹೇಳಿದ್ದಾರೆ. ನಾನೇನೂ ಕಲಿತಿಲ್ಲ. ಒಂದಕ್ಷರ ಕಲಿತಿಲ್ಲ, ಗೊತ್ತಾಯ್ತಾ?" ಜಗಳಕ್ಕೆ ನಿಂತವಳ ಹಾಗೆ ಕೇಳಿಸಿತು ನನಗೇ.

ಆ ಕಡೆ ಎಲ್ಲೋ ನಲ್ಲಿ ನೀರು ಬೀಳುತ್ತಿತ್ತು. ಅದು ನಿಂತಿತು.

"ಕೆಟ್ಟಿದೆಯಾ?"

"ಹೂಂ."

"ಯಾವುದು?"

"ತಪ್ಪು ಹುಡುಕೋದು."

"ತೆಗಿ. ಮೊದಲಿಂದ ಓದು."

ತೆಗೆದು ಓದತೊಡಗಿದೆ. ಅರ್ಥವಾಗದ ಅಕ್ಷರ, ಗುರುತು, ಆವರಣ, ಒಂದನ್ನೂ ಬಿಡದೆ. ಪ್ರತಿ ಸಾಲಿಗೂ ಅವಳು "ಸರಿ, ಮುಂದೆ" ಅನ್ನುತ್ತಿದ್ದಳು. ನಡುವೆ ಅವಳೇ ಬರೆದ ಬೈಗುಳಗಳೂ ಬಂದವು. ಅವನ್ನೂ ಓದಿದೆ. ಅಲ್ಲಿ ಅವಳ "ಸರಿ" ಸ್ವಲ್ಪ ತಡವಾಗಿ ಬಂತು.

"ಮುಗೀತಾ?"

"ಮುಗೀತು."

"ಎಲ್ಲ ಸರಿಯಾಗೇ ಇದೆಯಲ್ಲೇ. ಏನು ಕೆಟ್ಟಿದೆ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ಯಾವುದಾದರೂ ಒಂದು ಚಿಹ್ನೆ ಈಗಲೇ ಅಳಿಸಿ, ಹೌದು ಕಣೇ ಇಲ್ಲೊಂದು ಬಿಟ್ಟುಹೋಗಿದೆ ಅನ್ನಬಹುದಿತ್ತು. ಬೆರಳು ಕೀ ಮೇಲೇ ಇತ್ತು.

"ಕಮಾಂಡು ಸರಿಯಾಗಿದೆ ಅಕ್ಕ. ನೀನಿಲ್ಲದೆ ನನಗೇ ಆಗ್ತಿಲ್ಲ."

ಆ ಕಡೆಯಿಂದ ಮೂಗು ಏರಿಸಿದ ಸದ್ದು ಕೇಳಿಸಿತು.

"ನನಗೆ ಯಾಕೋ ಸರಿಯಾಗಿ ಕೇಳಿಸಲಿಲ್ಲ" ಅಂದಳು. "ಇನ್ನೊಂದು ಸಲ ಓದು. ಮೊದಲಿಂದ ಓದು. ಆತುರ ಮಾಡಬೇಡ."

ಮೊದಲ ಸಾಲಿಗೆ ಹೋಗಿ, ನಿಧಾನವಾಗಿ ಓದತೊಡಗಿದೆ.